ಪ್ರಾರ್ಥನೆ ಮಾಡದ ನರ್ಸ್

ರಕ್ತ ಹೀರಲೆಂದು ರೋಗಿಯ ಹೊಟ್ಟೆಯೊಳಗೆ ಇಟ್ಟ ಬಟ್ಟೆಗಳೆಲ್ಲ ಹೊರಗೆ ಬಂದಿವೆಯೇ ಎಂದು ಹೊಲಿಗೆ ಹಾಕುವ ಮೊದಲು ಎಣಿಸುವುದು ಆಪರೇಷನ್ ಥಿಯೇಟರಿನಲ್ಲಿ ಅವಳ ಕೆಲಸ. ಎಣಿಸುವಾಗ ಮಾಸ್ಕಿನೊಳಗೇ ಪಿಸುಗುಟ್ಟುವುದು ಅಭ್ಯಾಸ. ಚಿಕ್ಕಮ್ಮನ ಗರ್ಭಕೋಶ ತೆಗೆದ ದಿನವೂ ಹಾಗೆಯೇ ಪಿಸುಗುಟ್ಟಿದ್ದಳು. ಚಿಕ್ಕಮ್ಮನಿಗೆ ಸೊಂಟದ ಕೆಳಗಷ್ಟೇ ಮರಗಟ್ಟಿತ್ತು, ಕಿವಿ ನೆಟ್ಟಗಿತ್ತು. ರಕ್ತ ತುಂಬ ಹೋದರೂ ಬದುಕಿ ಮನೆಗೆ ಬಂದವಳು ಬೀದಿಗೆಲ್ಲ ಹೇಳಿದಳು: "ದೇವರಿಲ್ಲ ಅಂತ ವಾದ ಮಾಡೋಳು, ನನ್ನ ತಲೆ ಹತ್ರ ನಿಂತು ದೇವರನ್ನ ಕರೀತಿದ್ಲು ಕಣ್ರೀ!"

ಈಗ ಚಿಕ್ಕಪ್ಪನ ಕಾಲಿನ ಹೆಬ್ಬೆರಳು ಕಪ್ಪಾಗಿತ್ತು. ಸಕ್ಕರೆ ಕಾಯಿಲೆ. ಬೆರಳು ಇವತ್ತೇ ತೆಗೆಸದಿದ್ದರೆ ಕಾಲು ಹೋಗುತ್ತದೆ, ಆಮೇಲೆ ಜೀವ. ಚಿಕ್ಕಪ್ಪ ದರ್ಜಿ. ಹೊಲಿಗೆ ಯಂತ್ರದ ಪಕ್ಕದಲ್ಲೇ ಮಂಚ ಹಾಕಿಸಿಕೊಂಡು ಮಲಗಿದ್ದ. ಅವಳು ಕೋಣೆಗೆ ಕಾಲಿಟ್ಟ ಕೂಡಲೇ ಕೊಳೆತ ವಾಸನೆ ಮೂಗಿಗೆ ಹೊಡೆಯಿತು.

"ಆಸ್ಪತ್ರೆ ಗೀಸ್ಪತ್ರೆ ಬೇಡಮ್ಮ. ನೀನು ಒಂದ್ಸಲ ಕೂತು ಪ್ರಾರ್ಥನೆ ಮಾಡು, ಸಾಕು."

"ಚಿಕ್ಕಪ್ಪ, ಅವತ್ತು ನಾನು ಬಟ್ಟೆ ಎಣಿಸ್ತಿದ್ದೆ. ಒಂದು, ಎರಡು, ಮೂರು. ಅಷ್ಟೇ."

"ಬಟ್ಟೆ ಎಣಿಸ್ತಿದ್ಲಂತೆ, ಕೇಳಿದ್ಯೇನೇ?" ಚಿಕ್ಕಪ್ಪ ಹೆಂಡತಿಯ ಕಡೆ ನೋಡಿ ನಕ್ಕ. "ನಿಜವಾದ ಭಕ್ತಿ ಇರೋರು ಹೀಗೇ. ಬಾಯಿ ಬಿಡಲ್ಲ."

"ನಂಗೆ ನಂಬಿಕೆನೇ ಇಲ್ಲ, ಚಿಕ್ಕಪ್ಪ."

"ನಿಂಗೆ ಇಲ್ದಿದ್ರೆ ಏನೀಗ? ಆ ದೇವರಿಗೆ ನಿನ್ನ ಮೇಲಿದೆಯಲ್ಲ," ಎಂದಳು ಚಿಕ್ಕಮ್ಮ.

ನರ್ಸ್ ಆ ಕಪ್ಪು ಬೆರಳನ್ನು ತೋರಿಸಿ ಬೈದಳು. ಕೊಳೆಯುವುದು ಎಂದರೇನು ಎಂದು ಬಿಡಿಸಿ ಹೇಳಿದಳು. ಅತ್ತಳು ಕೂಡ. ಅಳು ನೋಡಿ ಚಿಕ್ಕಮ್ಮ ಕೈಮುಗಿದಳು. ಬಾಗಿಲಲ್ಲಿ ಪಕ್ಕದ ಮನೆಯ ಇಬ್ಬರು ಹೆಂಗಸರು ಸೆರಗು ಸರಿಮಾಡಿಕೊಂಡು ನಿಂತಿದ್ದರು. ಹೊರಗೆ ಹೋಗಲು ಅದೊಂದೇ ಬಾಗಿಲು.

ಅವಳು ಮಂಚದ ಅಂಚಿನಲ್ಲಿ ಕೂತಳು. ಕಣ್ಣು ಮುಚ್ಚಿದಳು. ಒಳಗೆ ಏನೂ ಇರಲಿಲ್ಲ, ಆ ವಾಸನೆ ಬಿಟ್ಟು. ಕಣ್ಣು ತೆರೆದು ಹೇಳಿದಳು: "ಬೆರಳು ತೆಗೆಸಬೇಕಂತೆ. ಇವತ್ತೇ."

ಚಿಕ್ಕಪ್ಪ ತಕ್ಷಣ ಎದ್ದು ಕೂತು ಅಂಗಿ ಕೇಳಿದ. ಚಿಕ್ಕಮ್ಮ ಆಟೋ ಕರೆಯಲು ಓಡಿದಳು.

"ಅವನೇ ಹೇಳಿದ್ಮೇಲೆ ಇನ್ನೇನು! ಇನ್ಮೇಲೆ ಅವನೇ ನೋಡ್ಕೋತಾನೆ, ಸಕ್ಕರೆ ಕಾಯಿಲೆ ಮಾತ್ರೆ ನಿಲ್ಲಿಸಿಬಿಡ್ತೀನಿ."

"ಬೇಡ! ನಿಲ್ಲಿಸಬೇಡಿ!"

ಅಂಗಿಯ ಗುಂಡಿ ಹಾಕುತ್ತಿದ್ದ ಚಿಕ್ಕಪ್ಪನ ಕೈ ನಿಂತಿತು. "ಇದು ನಿನ್ನ ಮಾತೋ, ಅವನದೋ?"

ಅವಳು ಬಾಗಿಲ ಕಡೆ ನೋಡಿದಳು. ಹೆಂಗಸರು ಈಗ ನಾಲ್ವರಾಗಿದ್ದರು.

"ಅವನದೇ," ಎಂದಳು.

"ಊಟಕ್ಕೆ ಮುಂಚೆನೋ, ಆಮೇಲೋ?"

"ಮುಂಚೆ. ಡಾಕ್ಟರ್ ಬರೆದಿದಾರಲ್ಲ."

"ಡಾಕ್ಟರ್ ಕಥೆ ಬಿಡಮ್ಮ," ಎಂದ ಚಿಕ್ಕಪ್ಪ. "ಅವನನ್ನ ಕೇಳಿ ಹೇಳು."