ಕುರುಗೋಡಿನ ಬಸವಣ್ಣ ಸಿರುಗುಪ್ಪಕ್ಕೆ ಬಂದದ್ದು

ಕುರುಗೋಡಿನ ಗುಡಿಯ ದೊಡ್ಡ ಬಸವಣ್ಣ ಎಷ್ಟೋ ತಲೆಮಾರುಗಳಿಂದ ಕೂತ ಜಾಗ ಬಿಟ್ಟು ಎದ್ದವನಲ್ಲ. ಅಂಥವನನ್ನು ಸಿರುಗುಪ್ಪದ ಜಂಬುನಾಥ ಎಬ್ಬಿಸಿ ತನ್ನೂರಿಗೆ ಕರೆತಂದ. ಜೊತೆಗೆ ಒಂದು ಗುಡ್ಡವನ್ನೂ ಹೊತ್ತು ತಂದು, ಸಿವಿಲ್ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟ್ ರಿಪೋರ್ಟಿನ ಎರಡನೇ ಅಧ್ಯಾಯದಲ್ಲಿ ಇಟ್ಟುಬಿಟ್ಟ. ಪುಣ್ಯಾತ್ಮನಿಗೆ ತಾನು ಇಂಥ ಘನಕಾರ್ಯ ಮಾಡಿದ್ದೇನೆಂಬುದೇ ಗೊತ್ತಿರಲಿಲ್ಲ.

ಹಾಗಂತ ಅವನೇನು ಸೋಮಾರಿಯಲ್ಲ. ಅವನೂ ತೆಕ್ಕಲಕೋಟೆಯ ನಂದಿನಿಯೂ ಸೇರಿ ಮಾಡಿದ ಪ್ರಾಜೆಕ್ಟು ಅಪ್ಪಟ ದುಡಿಮೆಯದು. ಸಿರುಗುಪ್ಪದ ರೈಸ್ ಮಿಲ್ಲುಗಳ ಹಿಂದೆ ಭತ್ತದ ಹೊಟ್ಟು ಸುಟ್ಟ ಬೂದಿ ರಾಶಿ ಬಿದ್ದಿರುತ್ತದೆ. ಅದನ್ನು ಎರೆಮಣ್ಣಿಗೆ ಬೆರೆಸಿದರೆ ಮಣ್ಣು ಗಟ್ಟಿಯಾಗಿ, ಹಳ್ಳಿಯ ರಸ್ತೆಗಳು ಬಿರಿಯುವುದು ಕಡಿಮೆಯಾದೀತೇ ಎಂದು ನೋಡುವುದು ಅವರ ಕೆಲಸ. ಜಂಬುನಾಥ ಹಚ್ಚೊಳ್ಳಿ ಕಡೆಯ ಹೊಲದಿಂದ ಮಣ್ಣು ತುಂಬಿ, ಬೂದಿಯ ಚೀಲದ ಜೊತೆ ಬಸ್ಸಿಗೆ ಹಾಕಿ, ಕಂಡಕ್ಟರನ ಕೈಲಿ ಬಯ್ಸಿಕೊಳ್ಳುತ್ತ ಬಳ್ಳಾರಿಗೆ ತರುತ್ತಿದ್ದ. ಕಾಲೇಜಿನ ಲ್ಯಾಬಿನಲ್ಲಿ ನಂದಿನಿ ಅದನ್ನು ಜರಡಿ ಹಿಡಿದು, ಕಲಸಿ, ಅಚ್ಚಿಗೆ ಬಡಿದು ಸ್ಯಾಂಪಲ್ ಮಾಡಿ, ಗಟ್ಟಿಯಾಗಲು ಇಟ್ಟ ದಿನಗಳು ತುಂಬಿದ ಮೇಲೆ ಮಶೀನಿಗಿಟ್ಟು ಒಡೆಯುತ್ತಿದ್ದಳು. ಬೂದಿ ಹಾರಿ ಇಬ್ಬರ ಹುಬ್ಬೂ ಬೆಳ್ಳಗಾಗುತ್ತಿತ್ತು. ನಾಲ್ಕನೇ ಅಧ್ಯಾಯದ ಒಂದೊಂದು ಅಂಕಿಯೂ ಹೀಗೆ ಬಂದದ್ದು.

ಎಡವಟ್ಟಾದದ್ದು ಬರೆಯುವಲ್ಲಿ. ಬರೆಯುವ ಕೆಲಸ ಜಂಬುನಾಥನ ಪಾಲಿಗೆ ಬಂದಿತ್ತು.

ಕಾಲೇಜಿನ ಗೇಟಿನೆದುರು ಪ್ರದೀಪನ ಝೆರಾಕ್ಸ್ ಅಂಗಡಿ ಇದೆ. ಪ್ರಿಂಟು, ಬೈಂಡಿಂಗು ಎಲ್ಲ ಅಲ್ಲೇ. ಆದ್ದರಿಂದ ಹಳೆಯ ಬ್ಯಾಚುಗಳ ರಿಪೋರ್ಟುಗಳೆಲ್ಲ ಅವನ ಕಂಪ್ಯೂಟರಿನಲ್ಲಿ ಹಾಯಾಗಿ ಮಲಗಿರುತ್ತವೆ. ಅಲ್ಲಿಯ ರಿವಾಜೇನೆಂದರೆ ಪರೀಕ್ಷೆ ಮಾಡಿದ ಅಧ್ಯಾಯ ಹುಡುಗರದು, ಎರಡನೇ ಅಧ್ಯಾಯ ಅಂಗಡಿಯದು. ಈ ವಿಷಯದಲ್ಲಿ ಹಿಂದೆ ಯಾರು ಏನು ಮಾಡಿದ್ದಾರೆ, ಆ ಊರಿನ ಮಣ್ಣು ಎಂಥದು ಎಂಬ ಸಂಗತಿ ಬರಬೇಕಾದ ಅಧ್ಯಾಯ ಅದು. ಅದನ್ನು ಯಾರೂ ಓದುವುದಿಲ್ಲ ಎಂದು ಎಲ್ಲರೂ ನಂಬಿದ್ದರು.

"ಎರಿಮಣ್ಣಂದು ಒಂದ್ ಮಸ್ತ್ ಐತಿ ದೋಸ್ತ," ಅಂದ ಪ್ರದೀಪ. "ಹೋದ ವರ್ಷದ್ದು, ಕುರುಗೋಡಿಂದು. ಊರ ಹೆಸರು ಒಂದೇ ಏಟಿಗೆ ಬದಲ್ ಮಾಡ್ತೀನಿ, ನೋಡ್ತಿರು."

ಒಂದೇ ಏಟಿಗೆ ಮಾಡಿದ. ಕುರುಗೋಡು ಇದ್ದಲ್ಲೆಲ್ಲ ಸಿರುಗುಪ್ಪ ಬಂತು. ಜಂಬುನಾಥ ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ಅಧ್ಯಾಯ ತಯಾರು. ಹುಟ್ಟಿದಾಗಿನಿಂದ ಸಿರುಗುಪ್ಪದಲ್ಲೇ ಬೆಳೆದವನು ಒಮ್ಮೆಯಾದರೂ ಓದಬಾರದೇ? ಓದಿದ. ಆದರೆ ಇಂಗ್ಲಿಷಿನಲ್ಲಿದ್ದದ್ದರಿಂದ ಕಣ್ಣು ಸಾಲುಗಳ ಮೇಲೆ ಜಾರಿಕೊಂಡು ಹೋಯಿತೇ ಹೊರತು, ಅದು ತನ್ನೂರಿನ ಮಾತು ಎಂದು ತಲೆಗೆ ಹೋಗಲಿಲ್ಲ.

ಅವರ ಗೈಡು ದಾಕ್ಷಾಯಣಿ ಮೇಡಂ. ಮೇಡಂ ತವರೂರು ಕುರುಗೋಡು. ಗ್ರಹಚಾರ ಅಂದರೆ ಇದು.

ಮೇಡಂ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ರಿಪೋರ್ಟನ್ನು ತಿರುವಿ ಒಂದು ಕಡೆ ಬೆರಳಿಟ್ಟು ಕೇಳಿದರು. "ಜಂಬುನಾಥ, ನಮ್ಮ ಬಸವಣ್ಣನ್ನ ಯಾವ ಬಸ್ಸಿನಾಗ ಕರ್ಕೊಂಡ್ ಹೋದಿ?"

ಅವನಿಗೆ ಅರ್ಥವಾಗಲಿಲ್ಲ. ಮೇಡಂ ಆ ಸಾಲನ್ನು ಕನ್ನಡಕ್ಕೆ ತಂದು ಓದಿದರು. "ದೊಡ್ಡ ಬಸವೇಶ್ವರ ದೇವಸ್ಥಾನದಿಂದ ಪ್ರಸಿದ್ಧವಾದ ಸಿರುಗುಪ್ಪವು ಕಲ್ಲುಗುಡ್ಡಗಳ ಬುಡದಲ್ಲಿದೆ." ಭತ್ತದ ಗದ್ದೆ ಬಿಟ್ಟರೆ ಎತ್ತರದ್ದೆಂದು ಮಿಲ್ಲಿನ ಚಿಮಣಿಯೇ ಇರುವ ಊರಿಗೆ ಕಲ್ಲುಗುಡ್ಡ! ನಂದಿನಿ ಒಂದು ಕ್ಷಣ ನಗು ತಡೆದಳು, ಮರುಕ್ಷಣ ಅವಳ ಮುಖ ಬಿಳಿಚಿತು. ಬರೆಯುವ ಭಾರ ಅವನದೆಂದು ಅವಳು ಆ ಅಧ್ಯಾಯವನ್ನು ತೆರೆದೂ ನೋಡಿರಲಿಲ್ಲ.

ಮೇಡಂ ನಗಲಿಲ್ಲ. ಕಾಪಿ ಹಿಡಿಯುವ ಸಾಫ್ಟ್‌ವೇರು ಕೊಟ್ಟ ಹಾಳೆಗಳನ್ನು ಮುಂದಿಟ್ಟರು. ಎರಡನೇ ಅಧ್ಯಾಯವೆಲ್ಲ ಕೆಂಪು ಕೆಂಪು.

"ಇನ್ನೊಬ್ಬರ ಮಾತು ತಗೋಬಾರದು ಅಂತ ನಾನು ಅನ್ನಂಗಿಲ್ಲ," ಅಂದರು. "ತಗೋರಿ. ಹಿಂದಿನವರದು ತಗೊಳ್ದ ಮುಂದ ಹೋಗಾಕ ಆಗಂಗಿಲ್ಲ. ಆದ್ರ ಯಾರ್ದು ಅಂತ ಹೇಳಿ ತಗೋಬೇಕು. ಎರಡನೇ ಅಧ್ಯಾಯ ಇನ್ನೊಬ್ಬರದು ಅಂದ ಮ್ಯಾಲೆ, ನಾಲ್ಕನೇದು ನಿಮ್ಮದು ಅಂತ ನಾನು ಹೆಂಗ ನಂಬಲಿ?"

"ಅದು ನಾವೇ ಮಾಡಿದ್ದು ಮೇಡಂ!" ನಂದಿನಿ ಎರಡೂ ಕೈ ಮುಂದೆ ಚಾಚಿದಳು. "ನನ್ನ ಕೈ ನೋಡ್ರಿ ಬೇಕಾದ್ರ, ಸಿಪ್ಪಿ ಎದ್ದಾವ."

"ವೈವಾದಾಗ ಎದುರಿಗೆ ಕೂಡೋ ಹೊರಗಿನ ಕಾಲೇಜಿನ ಎಕ್ಸ್‌ಟರ್ನಲ್ ನಿನ್ನ ಕೈ ನೋಡಂಗಿಲ್ಲವ್ವ, ರಿಪೋರ್ಟ್ ನೋಡ್ತಾರ. ಕದ್ದ ಮಾತಿಗೆಲ್ಲ ಅದರ ಒಡೆಯರ ಹೆಸರು ಬರಬೇಕು. ಅಲ್ಲೀತನಕ ನಾನು ಸಹಿ ಹಾಕಂಗಿಲ್ಲ."

ಸಹಿ ಇಲ್ಲದಿದ್ದರೆ ವೈವಾ ಇಲ್ಲ, ವೈವಾ ಇಲ್ಲದಿದ್ದರೆ ಈ ಸಲ ಪಾಸಿಲ್ಲ. ರಸ್ತೆ ಕಟ್ಟುವ ಕಂಪನಿಯೊಂದು ನಂದಿನಿಯನ್ನು ಕೆಲಸಕ್ಕೆ ಆರಿಸಿತ್ತು. ಈ ಸಲವೇ ಪಾಸಾಗಿರಬೇಕೆಂಬುದು ಅವರ ಷರತ್ತು. ಅವಳು ಹೊರಗೆ ಬಂದವಳೇ ತಿರುಗಿ ನಿಂತಳು.

"ಬೂದಿ ಹೊತ್ತಿ, ಮಣ್ಣು ಹೊತ್ತಿ. ನಾಕು ಪುಟ ಬರ್ಯಾಕ ನಿಂಗೇನ್ ಧಾಡಿ ಆಗಿತ್ತಲೇ? ನಂದೂ ಮುಣುಗಿಸಿದಿ."

ಬಸ್ ಸ್ಟ್ಯಾಂಡಿನವರೆಗೆ ಅವನು ಹಿಂದೆ ಹಿಂದೆ ನಡೆದ. ಅವಳು ತೆಕ್ಕಲಕೋಟೆಯ ಬಸ್ಸು ಹತ್ತಿದಳು, ಕಿಟಕಿಯಿಂದ ಒಮ್ಮೆಯೂ ಹೊರಗೆ ನೋಡಲಿಲ್ಲ. ಅವನಿಗೆ ತನ್ನ ಮೇಲೆ ತನಗೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಅವನು ಕುರುಗೋಡಿಗೆ ಹೋದ. ಆ ಹಳೆಯ ರಿಪೋರ್ಟು ಬರೆದ ದೊಡ್ಡಬಸವರಾಜ ಈಗ ಅಲ್ಲೇ ಒಂದು ಶಾಲೆಯ ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದ. ತಲೆಗೆ ಟವೆಲ್ ಸುತ್ತಿಕೊಂಡು, ಕಂಬಿ ಕಟ್ಟುವವರ ಮೇಲೆ ಕೂಗಾಡುತ್ತಿದ್ದವನು ಇವನ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅಲ್ಲಲೇ ತಮ್ಮ, ಅದಕ್ಕ ಹೆಸರು ಹಾಕಾಕ ನನ್ನ ಹುಡುಕ್ಕೊಂಡ್ ಬಂದೀಯೇನ? ನಂದೇನ್ ಐತಿ ಅದ್ರಾಗ! ನಾನೂ ಪ್ರದೀಪನ ಅಂಗಡ್ಯಾಗ ತಗೊಂಡಿದ್ದು. ಅದು ಯಾರ ಮುತ್ಯಾ ಬರದಿದ್ದೋ ಬಸವಣ್ಣಗ ಗೊತ್ತು."

ನಗುತ್ತಲೇ ಜಂಬುನಾಥ ತಂದಿದ್ದ ರಿಪೋರ್ಟಿನ ಹಾಳೆ ತಿರುವಿದ. ಒಂದು ಪುಟಕ್ಕೆ ಬಂದಾಗ ನಗು ನಿಂತಿತು.

ಆ ಪುಟದಲ್ಲಿ ಒಂದು ಮನೆಯ ಗೋಡೆಯ ಕಥೆ ಇತ್ತು. ಎರೆಮಣ್ಣಿನ ಮೇಲೆ ಕಟ್ಟಿದ ಮನೆ, ಗೋಡೆಯಲ್ಲಿ ಬಿರುಕು. ಬಿರುಕಿಗೆ ಅಡ್ಡಲಾಗಿ ಕಾಗದದ ಪಟ್ಟಿ ಅಂಟಿಸಿ, ಬೇಸಿಗೆಯಲ್ಲಿ ಯಾವ ಪಟ್ಟಿ ಹರಿಯಿತು, ಮಳೆ ಬಂದ ಮೇಲೆ ಯಾವುದು ಸುಕ್ಕಾಯಿತು ಎಂದು ವರ್ಷವಿಡೀ ನೋಡಿ ಬರೆದದ್ದು.

"ಇದು ನಂದು," ಅಂದ ದೊಡ್ಡಬಸವರಾಜ. "ಇದೊಂದು ನಾ ಬರದಿದ್ದೆ. ನಮ್ಮನಿ ಗ್ವಾಡಿ ಲೇ ಇದು. ಪಟ್ಟಿ ಅಂಟಸಾಕ ನಮ್ಮವ್ವ ಹಿಟ್ಟಿನ ಅಂಟು ಕಾಸಿ ಕೊಟ್ಟಿದ್ಲು." ಬೆರಳಿನಿಂದ ಸಾಲು ಸವರಿದ. "ಸಿರುಗುಪ್ಪದ ಒಂದು ಮನೆ ಅಂತ ಮಾಡೀರಲ್ಲಪ. ಇಡೀ ರಿಪೋರ್ಟಿನಾಗ ನಂದು ಅಂತ ಇದ್ದಿದ್ದು ಒಂದೇ ಪುಟ, ಅದನ್ನೂ ಹೊತ್ಕೊಂಡ್ ಹೋದ್ರಿ."

ಅವನು ಬಯ್ಯಲಿಲ್ಲ. ಬೈದಿದ್ದರೆ ಜಂಬುನಾಥನಿಗೆ ಹಗುರಾಗುತ್ತಿತ್ತು. "ತಪ್ಪಾತಣ್ಣ," ಎಂದಷ್ಟೇ ಹೇಳಿ ನೆಲ ನೋಡುತ್ತ ನಿಂತ. ಉಳಿದ ಪುಟಗಳಲ್ಲಿ ಯಾವ ಯಾವ ಪುಸ್ತಕದ ಮಾತುಗಳಿರಬಹುದು ಎಂದು ದೊಡ್ಡಬಸವರಾಜ ಊಹಿಸಿ ಹೇಳಿದಷ್ಟನ್ನು ಮೊಬೈಲಿನಲ್ಲಿ ಬರೆದುಕೊಂಡು ಬಳ್ಳಾರಿಯ ಬಸ್ಸು ಹತ್ತಿದ.

ಬಸ್ಸಿಳಿದು ನೆಟ್ಟಗೆ ಪ್ರದೀಪನ ಅಂಗಡಿಗೆ ನಡೆದ. ತಮ್ಮ ಫೈಲನ್ನು ಅಳಿಸಿ ಹಾಕು ಅಂದ.

"ಅಳಸ್ತೀನಿ ಬಿಡು," ಅಂದ ಪ್ರದೀಪ, ಯಾವುದೋ ಮಹಾ ಉಪಕಾರ ಮಾಡುವವನ ಹಾಗೆ. "ಆದ್ರ ನಿಮ್ಮ ನಾಕನೇ ಅಧ್ಯಾಯ ಬಾಳ ಛಲೋ ಐತಿ ದೋಸ್ತ. ಆ ಟೇಬಲ್‌ಗಳನ್ನ ನಿನ್ನೆ ಬ್ಯಾರೆ ಕಾಲೇಜಿನ ಬ್ಯಾಚಿನವ್ರು ಒಯ್ದ್ರು. ಊರು ಒಂದು ಚೇಂಜ್ ಮಾಡಿ ಕೊಟ್ಟೆ."

ಜಂಬುನಾಥನಿಗೆ ಮೈಯೆಲ್ಲ ಉರಿಯಿತು. ಆ ಟೇಬಲ್ಲು! ಹಚ್ಚೊಳ್ಳಿಯ ಬಿಸಿಲು, ಕಂಡಕ್ಟರನ ಬೈಗುಳ, ನಂದಿನಿಯ ಸಿಪ್ಪೆಯೆದ್ದ ಬೆರಳು ಎಲ್ಲ ಇದ್ದದ್ದು ಆ ಟೇಬಲ್ಲಿನಲ್ಲಿ. ಪ್ರದೀಪನ ಕೊರಳಪಟ್ಟಿಗೆ ಕೈ ಹಾಕಲು ಹೋದವನು ಅರ್ಧದಲ್ಲೇ ಕೈ ಇಳಿಸಿದ. ಗೋಡೆಯ ಪುಟ ನೋಡಿದಾಗ ದೊಡ್ಡಬಸವರಾಜನ ನಗು ಯಾಕೆ ನಿಂತಿತೆಂದು ಈಗ ತಿಳಿಯಿತು. ಯಾವ ಬಾಯಿಂದ ಬೈಯುವುದು? ತಾನೇ ಗಿರಾಕಿಯಾಗಿದ್ದ ಅಂಗಡಿ ಇದು.

ಈಗ ಅವರ ಅಂಕಿಗಳು ಇನ್ನೊಂದು ರಿಪೋರ್ಟಿನಲ್ಲೂ ಇವೆ. ಯಾರು ಯಾರಿಂದ ಕದ್ದರು ಎಂದು ಕೇಳಿದರೆ ಏನು ಹೇಳುವುದು? ಅವನು ನಂದಿನಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಮೇಡಂಗ ಹೇಳೋಣ," ಅಂದಳು ಅವಳು. "ನಾಳಿಗೆ ಬಾ. ಲ್ಯಾಬಿಗೆ."

ಮಾರನೇ ದಿನ ಮೇಡಂ ಎಲ್ಲ ಕೇಳಿದರು. ಕುರುಗೋಡಿಗೆ ಹೋದದ್ದು, ಗೋಡೆಯ ಪುಟ, ಪ್ರದೀಪನ ಅಂಗಡಿ, ಕಳುವಾದ ಟೇಬಲ್ಲು. ಜಂಬುನಾಥ ಏನನ್ನೂ ಬಿಡಲಿಲ್ಲ.

"ಬರದಾಂವ ನಾನು ಮೇಡಂ. ನಂದಿನಿಗೆ ಏನೂ ಗೊತ್ತಿರಲಿಲ್ಲ. ಮಾರ್ಕ್ಸ್ ಕಡೀಬೇಕಂದ್ರ ನಂದು ಕಡೀರಿ," ಅಂದ.

"ಅದು ಆಮ್ಯಾಲಿಂದು. ಅಂಕಿ ನಿಮ್ಮವು ಅಂತ ಏನ್ ಗುರುತು?"

ನಂದಿನಿ ಲ್ಯಾಬಿನ ಮೂಲೆಗೆ ಹೋಗಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟ ಎರಡು ಸ್ಯಾಂಪಲ್ಲು ತಂದಳು. ಅಚ್ಚಿನಿಂದ ತೆಗೆದ ಮಣ್ಣಿನ ಗಟ್ಟಿ, ಮೇಲೆ ಅವಳದೇ ಅಕ್ಷರದಲ್ಲಿ ತಾರೀಖು. ಯಾವುದಾದರೂ ಒಡೆಯುವಾಗ ಕೆಟ್ಟರೆ ಇರಲಿ ಎಂದು ಹೆಚ್ಚಿಗೆ ಮಾಡಿಟ್ಟಿದ್ದು.

"ಇಷ್ಟೇ ಉಳದಾವ ಮೇಡಂ. ನಿಮ್ಮೆದುರಿಗೆ ಒಡೀತೀನಿ. ತಪ್ಪು ಬಂದ್ರ ನಾವು ಕಳ್ಳರು ಅಂತ ತಿಳ್ಕೋರಿ."

ಅವಳು ಮೊದಲನೆಯದನ್ನು ಮಶೀನಿಗಿಟ್ಟು, ಅವಸರವಿಲ್ಲದೆ ಹಿಡಿಕೆ ತಿರುಗಿಸಿದಳು. ಮಶೀನಿನ ಮುಳ್ಳು ಏರಿತು, ಏರಿತು; ಗಟ್ಟಿಯ ಪಕ್ಕದಲ್ಲಿ ಓರೆಯಾಗಿ ಬಿರುಕು ಮೂಡಿತು. ಮೇಡಂ ಮುಳ್ಳು ನೋಡಿದರು, ರಿಪೋರ್ಟು ನೋಡಿದರು. ಎರಡನೆಯದೂ ಆಯಿತು. ಎರಡರ ಅಂಕಿಯೂ ರಿಪೋರ್ಟಿನಲ್ಲಿದ್ದದ್ದಕ್ಕಿಂತ ತುಸು ಹೆಚ್ಚು. ಕೆಲಸ ಕೆಟ್ಟಿತು ಅಂದುಕೊಂಡ ಜಂಬುನಾಥ.

"ಇನ್ನಷ್ಟು ದಿನ ಇಟ್ಟೀರಿ, ಇನ್ನಷ್ಟು ಗಟ್ಟಿ ಆಗ್ಯಾವ," ಅಂದರು ಮೇಡಂ. "ಬರೋಬ್ಬರಿ ಅಷ್ಟಕ್ಕಷ್ಟೇ ಬಂದಿದ್ರ ನಾನೇ ನಂಬ್ತಿರಲಿಲ್ಲ. ಆ ಇನ್ನೊಂದು ಬ್ಯಾಚಿನ ಗೈಡಿಗೆ ನಾನು ಫೋನ್ ಮಾಡ್ತೀನಿ. ಅವ್ರೂ ಸ್ಯಾಂಪಲ್ ಇದ್ರ ಒಡದು ತೋರಿಸಲಿ. ನೀನು ಎರಡನೇ ಅಧ್ಯಾಯ ಬರಿ. ಮಾರ್ಕ್ಸ್ ಮಾತ್ರ ಕಡೀತೀನಿ, ನೀನೇ ಅಂದಿ."

ನಂದಿನಿ ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟಳು.

ಜಂಬುನಾಥ ಲೈಬ್ರರಿಯಲ್ಲಿ ಕೂತು ಬರೆದ. ಪುಸ್ತಕ ತೆರೆದು ಓದುವುದು, ಮುಚ್ಚುವುದು, ಅರ್ಥವಾದದ್ದನ್ನು ತನ್ನ ಮಾತಿನಲ್ಲಿ ಬರೆಯುವುದು, ಕೊನೆಗೆ ಯಾರು ಹೇಳಿದ್ದು, ಯಾವ ಪುಸ್ತಕ, ಯಾವ ಪುಟ ಎಂದು ಸೇರಿಸುವುದು. ದನ ಕಾಯುವುದು ಇದಕ್ಕಿಂತ ಸುಲಭ ಅನ್ನಿಸಿತು. ಬರೆದದ್ದನ್ನೆಲ್ಲ ನಂದಿನಿ ಪೆನ್ಸಿಲು ಹಿಡಿದು ಓದಿದಳು. ಒಂದು ಸಾಲಿನ ಮೇಲೆ ಪೆನ್ಸಿಲು ನಿಂತಿತು.

"ಇದು ಯಾರ್ದು?"

"ನಂದು."

"ಖರೇ?"

"ಖರೇ, ನಿನ್ನಾಣಿ."

ಅವಳು ಇನ್ನೊಮ್ಮೆ ಓದಿದಳು. "ಹೌದು, ಇಷ್ಟು ಕೆಟ್ಟ ಇಂಗ್ಲಿಷು ಎಲ್ಲಿಂದ ಕದ್ದು ತರ್ತಿ, ನಿಂದೇ ಇರಬೇಕು," ಅಂದಳು. ಆ ಕೋಪದ ದಿನದಿಂದ ಅವಳು ಅವನೊಂದಿಗೆ ನಕ್ಕದ್ದು ಇದೇ ಮೊದಲು.

ಗೋಡೆಯ ಪುಟವನ್ನು ಮಾತ್ರ ಅವನು ತನ್ನ ಮಾತಿಗೆ ತಿರುಗಿಸಲಿಲ್ಲ. ಇದ್ದ ಹಾಗೆಯೇ ಉದ್ಧರಣ ಚಿಹ್ನೆಯೊಳಗಿಟ್ಟು, ಸಿರುಗುಪ್ಪ ತೆಗೆದು ಕುರುಗೋಡು ಎಂದು ಮಾಡಿ, ಕೆಳಗೆ ದೊಡ್ಡಬಸವರಾಜನ ಹೆಸರು, ರಿಪೋರ್ಟಿನ ಹೆಸರು, ವರ್ಷ ಹಾಕಿದ. ಬಸವಣ್ಣನೂ ಗುಡ್ಡವೂ ತಮ್ಮೂರಿಗೆ ವಾಪಸಾದರು. ಮೇಡಂ ಓದಿ ಸಹಿ ಹಾಕಿದರು. ಆ ಪುಟದ ಫೋಟೋ ತೆಗೆದು ಕುರುಗೋಡಿಗೆ ಕಳಿಸಿ, ಇಬ್ಬರೂ ಬೈಂಡಿಂಗಿಗೆ ಬೇರೆ ಅಂಗಡಿ ಹುಡುಕಿಕೊಂಡು ಹೋದರು.

ಅಂಗಡಿಯವನು ಹಾಳೆ ಜೋಡಿಸುತ್ತಿದ್ದಾಗ ದೊಡ್ಡಬಸವರಾಜನ ಫೋನು ಬಂತು.

"ತಮ್ಮ, ನೋಡ್ದೆ. ನನ್ನ ಹೆಸರು ಬಾಳ ಛಂದ ಕಾಣತೈತಿ." ಖುಷಿ ಆದವನ ದನಿಯೇ, ಆದರೆ ಏನೋ ಮುಜುಗರ ಇತ್ತು. "ಅವ್ವಗ ಕನ್ನಡದಾಗ ಓದಿ ಹೇಳ್ದೆ. ಎಲ್ಲಾ ಕೇಳಿದ್ಲು. ಕೇಳಿ, 'ನೀನು ಬಳ್ಳಾರ್ಯಾಗ ಹಾಸ್ಟೆಲ್ಲಿನಾಗ ಇದ್ದೆಲ್ಲೋ, ಪಟ್ಟಿ ಹರಿದಿದ್ದು ನೋಡಿ ದಿನಾ ಫೋನಿನಾಗ ಹೇಳಿದಾಕಿ ನಾನು. ನನ್ನ ಹೆಸರು ಎಲ್ಲೈತಿ?' ಅಂದ್ಲು."

ಜಂಬುನಾಥ ಜೋಡಿಸುತ್ತಿದ್ದ ಹಾಳೆಗಳ ಕಡೆ ತಿರುಗಿದ.

"ನನ್ನ ರಿಪೋರ್ಟಿನಾಗೂ ಹಾಕಿರಲಿಲ್ಲ ತಮ್ಮ. ಹಾಕಬೇಕಂತ ಹೊಳೀಲೇ ಇಲ್ಲ," ಅಂದ ದೊಡ್ಡಬಸವರಾಜ. "ಈಗ ಸೇರಸಾಕ ಬರತೈತೇನ?"

"ಅವ್ವಾರ ಹೆಸರೇನಣ್ಣ?"

"ಗುರುಬಸಮ್ಮ."

ಜಂಬುನಾಥ ಫೋನನ್ನು ಕಿವಿಯಲ್ಲೇ ಇಟ್ಟುಕೊಂಡು, ಅಂಗಡಿಯವನು ಹೊಲಿಯಲು ಎತ್ತಿದ್ದ ಕಟ್ಟನ್ನು ಅವನ ಕೈಯಿಂದ ಇಸಿದುಕೊಂಡ. "ತಡೀರಿ, ಹೊಲೀಬ್ಯಾಡ್ರಿ," ಅಂದ. "ಇನ್ನೊಂದು ಹೆಸರು ಐತಿ."