ಅಮ್ಮನ ಕಾಲಡಿಯ ಬ್ರೇಕ್

ಡ್ರೈವಿಂಗ್ ಶಾಲೆಯಲ್ಲಿ ಅವಳಿಗೆ ‘ಮೆತ್ತಗೆ ಮೇಡಂ’ ಎಂದೇ ಹೆಸರು. ಕಲಿಯುವವರು ಕ್ಲಚ್ ಪಟ್ಟನೆ ಬಿಟ್ಟು ಗಾಡಿ ಕುಪ್ಪಳಿಸಿದರೂ, ಎದುರಿಗೆ ಲಾರಿ ಕಂಡು ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರೂ ಅವಳ ಬಾಯಿಂದ ಬರುತ್ತಿದ್ದುದು ಒಂದೇ ಮಾತು: “ಮೆತ್ತಗೆ, ಮೆತ್ತಗೆ.” ಬೇರೆ ಕಡೆ ಬೈಸಿಕೊಂಡು ಕಲಿಯುವುದನ್ನೇ ಬಿಟ್ಟವರು, ಗಂಡನ ಹತ್ತಿರ ಕಲಿಯಲು ಹೋಗಿ ಮನೆಯಲ್ಲಿ ಮಾತುಕತೆ ನಿಂತುಹೋದ ಹೆಂಗಸರು, ಎಲ್ಲರೂ ಅವಳನ್ನೇ ಕೇಳಿಕೊಂಡು ಬರುತ್ತಿದ್ದರು.

ಅದೇ ಶಾಲೆಯ ಇನ್ನೊಬ್ಬ ಮೇಷ್ಟ್ರಿಗೆ ‘ಗಂಟಲು’ ಎಂದು ಹೆಸರು. ಅವನು ಮೈದಾನದ ಈ ತುದಿಯಲ್ಲಿ ಪಾಠ ಹೇಳಿದರೆ ಆ ತುದಿಯ ಗಾಡಿಯವರು ಗೇರ್ ಬದಲಿಸುತ್ತಾರೆ ಎಂದು ಎಲ್ಲರೂ ನಗುತ್ತಿದ್ದರು. ಅವನ ಕೈಕೆಳಗೆ ಕಲಿಯಲು ಬಂದವರು ಮೊದಲ ವಾರ ಅಳುವುದಂತೂ ಖಂಡಿತ.

“ಏನೋ, ನಿನ್ನ ಗಾಡಿಗೆ ಹಾರ್ನೇ ಬೇಡ್ವೇನೋ?” ಎಂದು ಅವಳು ಕೆಣಕಿದರೆ, “ಅಕ್ಕ, ನನ್ನ ಗಾಡೀಲಿ ಹಾರ್ನೂ ನಾನೇ, ರೇಡಿಯೋನೂ ನಾನೇ” ಎನ್ನುತ್ತಿದ್ದ.

ಅವಳೂ ನಗುತ್ತಿದ್ದಳು. ಆದರೆ ಒಳಗೊಳಗೇ, ಇವನೂ ಒಬ್ಬ ಮೇಷ್ಟ್ರಾ ಎಂಬ ತಾತ್ಸಾರವಿತ್ತು. ಒಳ್ಳೆಯ ಮೇಷ್ಟ್ರಿಗೆ ಬೇಕಾದದ್ದು ತಾಳ್ಮೆ, ಅದು ತನ್ನಲ್ಲಿ ಬೇಕಾದಷ್ಟಿದೆ ಎಂದು ಅವಳು ನಂಬಿದ್ದಳು.

ಕಲಿಸುವ ಗಾಡಿಯಲ್ಲಿ ಮೇಷ್ಟ್ರು ಕೂರುವ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅದನ್ನು ಒತ್ತಿದರೆ ಕಲಿಯುವವರ ಬ್ರೇಕೂ ಜೊತೆಗೇ ಕೆಳಗಿಳಿಯುತ್ತದೆ. ಹೊಸಬರು ಬಂದಾಗ ಅವಳ ಬಲಗಾಲು ಅದರ ಮೇಲೆಯೇ ಇರುತ್ತಿತ್ತು. ಕೈ ಕಾಲು ಪಳಗಿದ ಮೇಲೆ, ಕೊನೆಯ ವಾರ, ಅವಳು ಚಪ್ಪಲಿ ಬಿಚ್ಚಿ ಎರಡೂ ಕಾಲುಗಳನ್ನು ಹಿಂದಕ್ಕೆ ಎಳೆದುಕೊಂಡು ಕೂರುತ್ತಿದ್ದಳು. “ಇನ್ನು ಗಾಡಿ ನಿಮ್ಮದು” ಎನ್ನುತ್ತಿದ್ದಳು. ಆ ಮಾತು ಕೇಳಿ ದೊಡ್ಡ ದೊಡ್ಡವರ ಮುಖವೂ ಮಕ್ಕಳ ಮುಖದಂತೆ ಅರಳುತ್ತಿತ್ತು.

ಈ ಸಲ ಕಲಿಯಲು ಬಂದವಳು ಅವಳ ಮಗಳು.

ಮಗಳು ಓದಿದ್ದು ರಕ್ತ ಪರೀಕ್ಷೆಯ ಕೆಲಸಕ್ಕೆ. ಕಲಿತು ಮುಗಿಸಿ ಮನೆಯಲ್ಲಿ ಕೂತು ಕೂತು ಸಾಕಾಗಿದ್ದವಳಿಗೆ ಒಂದು ಲ್ಯಾಬಿನವರು ಕರೆದಿದ್ದರು. ಬೆಳಗಾಗುತ್ತಲೇ ಮನೆ ಮನೆಗೆ ಹೋಗಿ, ಹಾಸಿಗೆ ಬಿಟ್ಟು ಏಳಲಾಗದವರ ರಕ್ತ ತೆಗೆದುಕೊಂಡು ಬರಬೇಕು. ಗಾಡಿ ಅವರೇ ಕೊಡುತ್ತಾರೆ. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದು ತೋರಿಸಬೇಕು, ಇಲ್ಲದಿದ್ದರೆ ಸಾಲಿನಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ ಆ ಕೆಲಸ.

“ನಮ್ಮಮ್ಮನೇ ಮೇಷ್ಟ್ರು, ನನಗೇನು ಭಯ?” ಎಂದು ಮಗಳು ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ದಿನಾ ಬೆಳಿಗ್ಗೆ ಉಳಿದವರು ಬರುವ ಮೊದಲು ಮಗಳ ಪಾಠ. ಅಡುಗೆ ಮುಗಿಸಿ, ಡಬ್ಬಿ ಕಟ್ಟಿ, ಒದ್ದೆ ಕೂದಲಲ್ಲೇ ಬಂದು ಅವಳು ಗಾಡಿ ಹತ್ತುತ್ತಿದ್ದಳು. ಮಗಳು ಓಡಿಸುತ್ತಿದ್ದಳು, ನಿಲ್ಲಿಸಬೇಕಾದ ಬಿಳಿ ಗೆರೆಯ ಹತ್ತಿರ ಗಾಡಿ ತೇಲಿಕೊಂಡು ಬಂದು ನಿಲ್ಲುತ್ತಿತ್ತು.

“ಹೇಗಮ್ಮ?”

“ಬೆಣ್ಣೆ ಕಣೆ, ಬೆಣ್ಣೆ.”

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಅವಳ ಸೀಟಿನಲ್ಲಿ ಕೂತರು. ಅವಳು ಮೈದಾನದ ಕಂಬಿಬೇಲಿಯ ಪಕ್ಕ, ಶಾಲೆಯ ಉಳಿದವರ ಜೊತೆ ನಿಂತಳು. ಗಾಡಿ ಎಂಟರ ಆಕಾರದಲ್ಲಿ ಸುತ್ತಿತು, ಹಿಂದಕ್ಕೆ ಹೋಯಿತು, ತಪ್ಪಿಲ್ಲ. ಕೊನೆಗೆ ಬಿಳಿ ಗೆರೆ. ಇನ್‌ಸ್ಪೆಕ್ಟರು ಕೈ ಎತ್ತಿದರು. ಗಾಡಿ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ತೇಲಿಕೊಂಡೇ ಗೆರೆ ದಾಟಿ, ಆಚೆಗಿದ್ದ ರಬ್ಬರ್ ಗೂಟವನ್ನು ಬೀಳಿಸಿ, ಅದನ್ನು ಅಡಿಗೆ ಸಿಕ್ಕಿಸಿಕೊಂಡು ಕೀರಲು ಸದ್ದು ಮಾಡುತ್ತ ನಿಂತಿತು.

ಯಾರೋ ಕಿಸಕ್ಕೆಂದರು. “ಮೆತ್ತಗೆ ಮೇಡಂ ಮಗಳು ಸ್ವಲ್ಪ ಜಾಸ್ತೀನೇ ಮೆತ್ತಗೆ.”

ಮಗಳು ಇಳಿದಳು. ಮುಖದಲ್ಲಿ ಅಳುವಿಗಿಂತ ಹೆಚ್ಚಾಗಿ ಅಚ್ಚರಿಯಿತ್ತು. “ಸರ್, ದಿನಾ ಇಷ್ಟೇ ಒತ್ತಿದ್ರೆ ನಿಲ್ತಿತ್ತು.”

“ಗಾಡಿ ತಾನಾಗಿ ನಿಲ್ಲಲ್ಲಮ್ಮ, ನಾವು ನಿಲ್ಲಿಸ್ಬೇಕು” ಎಂದರು ಇನ್‌ಸ್ಪೆಕ್ಟರು. “ಮುಂದಿನ ವಾರ ಮತ್ತೆ ಬಾ.”

ಅವಳು ತನ್ನ ಕಾಲಿನ ಕಡೆ ನೋಡಿಕೊಂಡಳು. ಬಲಗಾಲಿನ ಚಪ್ಪಲಿಯ ತುದಿ ಮಣ್ಣಿನಲ್ಲಿ ಗುಂಡಿ ತೋಡಿತ್ತು. ದಿನಾ ಸಂಜೆ ಆ ಕಾಲಿನ ಮೀನಖಂಡ ಯಾಕೆ ಹಿಡಿದುಕೊಳ್ಳುತ್ತಿತ್ತು ಎಂಬುದು ಒಂದೇ ಕ್ಷಣದಲ್ಲಿ ತಿಳಿದುಹೋಯಿತು. ಮಗಳ ಕಾಲು ಬ್ರೇಕಿಗೆ ಇಳಿದಾಗಲೆಲ್ಲ ತನ್ನ ಕಾಲೂ ಇಳಿದಿತ್ತು. ಕೊನೆಯ ವಾರ ಚಪ್ಪಲಿ ಬಿಚ್ಚಿರಲೇ ಇಲ್ಲ. ‘ಇನ್ನು ಗಾಡಿ ನಿನ್ನದು’ ಎಂಬ ಮಾತನ್ನು ಊರಿಗೆಲ್ಲ ಹೇಳಿದವಳು ಮಗಳಿಗೆ ಹೇಳಿರಲಿಲ್ಲ.

“ಬ್ರೇಕ್ ಹಿಡೀಲಿಲ್ಲಮ್ಮ” ಎಂದಳು ಮಗಳು ಹತ್ತಿರ ಬಂದು.

ಶಾಲೆಯ ಯಜಮಾನರು ಆಗಲೇ ದಾಪುಗಾಲು ಹಾಕುತ್ತ ಬಂದಿದ್ದರು. “ಏನ್ ಮೇಡಂ, ಬ್ರೇಕ್ ತೊಂದರೇನಾ?”

ಅಲ್ಲ ಎನ್ನಲು ಎಷ್ಟು ಹೊತ್ತು ಬೇಕು? ಸುತ್ತ ಅವಳ ಬಳಿ ಕಲಿಯುತ್ತಿದ್ದವರೆಲ್ಲ ನಿಂತಿದ್ದರು. ಮಗಳು ಅವಳ ಮುಖವನ್ನೇ ನೋಡುತ್ತಿದ್ದಳು.

“ಹೂಂ… ಸ್ವಲ್ಪ ಸಡಿಲ ಆಗಿತ್ತು ಅನ್ಸತ್ತೆ” ಎಂದುಬಿಟ್ಟಳು.

ಹಿಂದಿನ ದಿನ ಆ ಗಾಡಿಯನ್ನು ಗ್ಯಾರೇಜಿಗೆ ತೋರಿಸಿ ತಂದವನು ಗಂಟಲು. ಯಜಮಾನರು ಅವನ ಕಡೆ ತಿರುಗಿದರು. “ಬ್ರೇಕ್ ನೋಡಿಸ್ಕೊಂಡು ಬಾ ಅಂದ್ರೆ ಅಲ್ಲಿ ಟೀ ಕುಡ್ಕೊಂಡು ಹರಟೆ ಹೊಡ್ಕೊಂಡು ಬಂದಿದೀಯ! ಒಂದು ಹುಡುಗಿ ಕೆಲಸಕ್ಕೇ ಕಲ್ಲು ಹಾಕಿದೆಯಲ್ಲೋ. ಬಾಯಿ ಇರೋಷ್ಟು ಕೆಲಸದ ಮೇಲೆ ಗಮನ ಇದ್ದಿದ್ರೆ!”

ಎಲ್ಲರೂ ಕೇಳಿಸಿಕೊಂಡರು. ಸದಾ ಒದರುವ ಮನುಷ್ಯ ಒಂದಕ್ಷರ ಆಡಲಿಲ್ಲ. ಅವಳ ಕಡೆ ಒಮ್ಮೆ ನೋಡಿದ, ಬಗ್ಗಿ ಗಾಡಿಯಡಿಯ ರಬ್ಬರ್ ಗೂಟವನ್ನು ಎಳೆದು ತೆಗೆದು, ತೊಡೆಗೆ ಒರೆಸಿ, ಅದರ ಜಾಗದಲ್ಲಿ ನಿಲ್ಲಿಸಿದ.

ಆ ಸಂಜೆ ಗ್ಯಾರೇಜಿನಿಂದ ಗಾಡಿ ಹಾಗೇ ವಾಪಸ್ಸು ಬಂತು. ಬ್ರೇಕ್ ಸರಿಯಾಗಿಯೇ ಇದೆ ಎಂದಿದ್ದರು.

ಮರುದಿನ ಬೆಳಿಗ್ಗೆ ಅವಳು ಮಗಳಿಗೆ ಏನೂ ಹೇಳದೆ ಕಾಲು ಹಿಂದಕ್ಕಿಟ್ಟುಕೊಂಡು ಕೂತಳು. ಗೊತ್ತಾಗದ ಹಾಗೆ ಸರಿಮಾಡಿಬಿಟ್ಟರಾಯಿತು ಎಂಬ ಲೆಕ್ಕಾಚಾರ. ಗೆರೆ ಬಂತು. ಗಾಡಿ ಗೆರೆ ದಾಟಿಯೇ ನಿಂತಿತು.

“ಇನ್ನೂ ಗಟ್ಟಿಯಾಗಿ ಒತ್ತು.”

“ಇಷ್ಟು ದಿನ ಬೆಣ್ಣೆ ಅಂತಿದ್ದೆ?”

“ಇವತ್ತಿಂದ ಗಟ್ಟಿಯಾಗಿ ಒತ್ತು ಅಂದ್ನಲ್ಲ.”

“ಮೊದಲೇ ಹೇಳ್ಬಾರದಾಗಿತ್ತಾ? ಇದೇನಮ್ಮ, ದಿನಕ್ಕೊಂದು!”

ಮೈದಾನ ಬಿಟ್ಟು ರಸ್ತೆಗೆ ಬಂದರು. ಬೀಗ ಹಾಕಿದ ಅಂಗಡಿಗಳ ಸಾಲು, ಕಸದ ತೊಟ್ಟಿ, ಮೂಲೆಯಲ್ಲಿ ಒಂದು ಹಾಲಿನ ವ್ಯಾನು. ವ್ಯಾನು ಇದ್ದಕ್ಕಿದ್ದಂತೆ ಹಿಂದಕ್ಕೆ ಸರಿಯತೊಡಗಿತು. ಮಗಳು ಅದನ್ನು ಕಂಡಳು. ವೇಗದ ಪೆಡಲಿನಿಂದ ಕಾಲು ತೆಗೆದಳು, ಬ್ರೇಕಿನ ಮೇಲೆ ಮೆಲ್ಲಗೆ ಇಟ್ಟಳು. ಅಷ್ಟರಲ್ಲಿ ಆ ಪೆಡಲು ಅವಳ ಕಾಲಡಿಯಿಂದ ಜಾರಿ ತಾನಾಗಿಯೇ ಕೆಳಗೆ ಹೋಯಿತು. ಗಾಡಿ ಗಕ್ಕನೆ ನಿಂತಿತು.

ವ್ಯಾನಿನವನು ಕೈಯೆತ್ತಿ ತಪ್ಪಾಯಿತು ಎಂಬಂತೆ ಸನ್ನೆ ಮಾಡಿ ಹೋದ. ಮಗಳು ಹೊರಗೆ ನೋಡುತ್ತಿರಲಿಲ್ಲ. ತನ್ನ ಕಾಲನ್ನೇ ನೋಡುತ್ತಿದ್ದಳು.

“ಅಮ್ಮ. ನಾನಿನ್ನೂ ಒತ್ತಿರಲಿಲ್ಲ.”

ಅವಳು ಕಾಲು ತೆಗೆದಳು. ಮಗಳ ಕಾಲಡಿಯ ಪೆಡಲು ಮೇಲೆ ಬಂತು.

“ದಿನಾನೂ ನೀನೇ ಒತ್ತುತಿದ್ಯಾ?”

“ಬೇಕು ಅಂತ ಅಲ್ಲ ಕಣೆ. ನನಗೇ ಗೊತ್ತಿರಲಿಲ್ಲ.”

“ನಿನ್ನೆ ಗೊತ್ತಿತ್ತಾ? ಯಜಮಾನರ ಹತ್ರ ಬ್ರೇಕ್ ಸಡಿಲ ಅಂದ್ಯಲ್ಲ, ಆಗ?”

ಅವಳು ಡಬ್ಬಿಯ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ಗೊತ್ತಿತ್ತು.”

ಮಗಳು ಗಾಡಿ ಆಫ್ ಮಾಡಿದಳು. “ಬೇರೆಯವರಿಗೂ ಹೀಗೇನಾ?”

“ಇಲ್ಲ. ಕೊನೆ ವಾರ ಅವರಿಗೆ ಬಿಟ್ಟುಬಿಡ್ತೀನಿ.”

“ಯಾರು ಯಾರಿಗೋ ಬಿಟ್ಟುಕೊಡ್ತೀಯ. ನನಗೊಬ್ಬಳಿಗೆ ಇಲ್ಲ.” ಮಗಳ ದನಿ ಏರಲಿಲ್ಲ, ಅದೇ ಕಷ್ಟವಾಗಿತ್ತು. “ಶೂ ಲೇಸ್ ಥರಾನೇ ಅಲ್ವಾಮ್ಮ? ಹೊತ್ತಾಯ್ತು, ಹೊತ್ತಾಯ್ತು ಅಂತ ದಿನಾ ನೀನೇ ಕಟ್ಟಿ ಕಳಿಸ್ತಿದ್ದೆ. ಆಟದ ಪಿರಿಯಡ್‌ನಲ್ಲಿ ಬಿಚ್ಕೊಂಡ್ರೆ ನಾನು ಗೆಳತಿ ಕೈಲಿ ಕಟ್ಟಿಸ್ಕೊತಿದ್ದೆ. ಅವಳೇ ನನಗೆ ಕಲಿಸಿದ್ದು, ಗೊತ್ತಾ ನಿನಗೆ?”

ಗೊತ್ತಿರಲಿಲ್ಲ. ಮಗಳು ಒಂದು ದಿನ ತಾನೇ ಲೇಸ್ ಕಟ್ಟಿಕೊಂಡು ಹೊರಟಾಗ, ಸದ್ಯ ಒಂದು ಕೆಲಸ ಕಡಿಮೆಯಾಯಿತು ಎಂದುಕೊಂಡದ್ದು ಮಾತ್ರ ನೆನಪಿತ್ತು. ತನ್ನದು ತಾಳ್ಮೆ ಎಂದುಕೊಂಡಿದ್ದಳು. ಈಗ ನೋಡಿದರೆ, ಹೇಳಿ ತಿದ್ದುವುದಕ್ಕಿಂತ ಒತ್ತಿಬಿಡುವುದು ಸುಲಭ ಎಂಬ ಆತುರವೇ ಇಷ್ಟು ದಿನ ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತಿತ್ತು.

“ನಾಳೆಯಿಂದ ನಾನು ಗಂಟಲು ಮಾಮನ ಹತ್ರ ಹೋಗ್ತೀನಿ” ಎಂದಳು ಮಗಳು. “ನೀನೇ ಹೇಳು ಅವರಿಗೆ.”

ಶಾಲೆಯ ಕಚೇರಿ ಎಂದರೆ ಒಂದು ಮೇಜು, ಒಂದು ಬೆಂಚು, ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಬಣ್ಣ ಮಾಸಿದ ಚಿತ್ರ. ಮೇಜಿನ ಹಿಂದೆ ಯಜಮಾನರಿದ್ದರು, ಪಕ್ಕದಲ್ಲಿ ಗಂಟಲು ನಿಂತಿದ್ದ. ಬೆಂಚಿನ ತುಂಬ ನಿನ್ನೆ ಮೈದಾನದಲ್ಲಿದ್ದವರೇ ಕೂತಿದ್ದರು. ಅವರು ಎದ್ದು ಹೋಗಲಿ ಎಂದು ಅವಳು ಬಾಗಿಲಲ್ಲಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ನಾಚಿಕೆಯಾಯಿತು. ಅವನಿಗೆ ಬೈಗುಳ ಬಿದ್ದದ್ದು ಇವರೆಲ್ಲರ ಮುಂದೆಯೇ.

“ಯಜಮಾನರೇ, ಬ್ರೇಕ್ ಸರಿಯಾಗೇ ಇತ್ತು. ಇವನ ತಪ್ಪೇನೂ ಇಲ್ಲ. ಪಾಠದ ಹೊತ್ತಲ್ಲಿ ದಿನಾ ನಾನೇ ಒತ್ತುತಿದ್ದೆ, ಮಗಳಿಗೆ ನಿಲ್ಲಿಸೋದು ಬಂದಿರಲಿಲ್ಲ. ನಿನ್ನೆ ನಾನು ಸುಳ್ಳು ಹೇಳ್ದೆ.”

ಬೆಂಚಿನ ಮೇಲಿದ್ದವರು ರಸ್ತೆ ಚಿಹ್ನೆಗಳನ್ನು ಮೊದಲ ಸಲ ಕಂಡವರಂತೆ ನೋಡತೊಡಗಿದರು. ಯಜಮಾನರು ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡರು. “ನೀವಾ ಮೇಡಂ?” ಎಂದರು. ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಗಂಟಲು ಅವಳ ಹಿಂದೆಯೇ ಹೊರಗೆ ಬಂದ. “ಅಕ್ಕ, ಇಷ್ಟು ಜನರ ಮುಂದೆ ಹೇಳೋ ಅಗತ್ಯ ಏನಿತ್ತು?”

“ನಿನಗೆ ಬೈದಿದ್ದೂ ಇಷ್ಟೇ ಜನರ ಮುಂದೆ.”

“ನನಗೇನು, ಬೈಸ್ಕೊಂಡು ಅಭ್ಯಾಸ ಇದೆ. ಮನೇಲಿ ದಿನಾ ಪ್ರಾಕ್ಟೀಸು.” ಅವನು ನಕ್ಕ, ಆಮೇಲೆ ದನಿ ತಗ್ಗಿಸಿದ. ಅವನಿಗೆ ದನಿ ತಗ್ಗಿಸಲೂ ಬರುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. “ನನಗೆ ಮೊದಲೇ ಗೊತ್ತಿತ್ತಕ್ಕ. ಬೆಳಿಗ್ಗೆ ನನ್ನ ಗಾಡಿ ತರುವಾಗ ನಿಮ್ಮ ಗಾಡಿ ಹಿಂದೇನೇ ಬರ್ತಿರ್ತೀನಲ್ಲ. ಬ್ರೇಕ್ ಒತ್ತಿದವರ ತಲೆ ಅಲ್ಲಾಡಲ್ಲ, ಪಕ್ಕದವರ ತಲೆ ಮುಂದಕ್ಕೆ ಬಾಗತ್ತೆ. ನಿಮ್ಮ ಗಾಡೀಲಿ ಯಾವಾಗ್ಲೂ ಹುಡುಗಿ ತಲೇನೇ ಬಾಗ್ತಿತ್ತು.”

“ಮತ್ತೆ ನಿನ್ನೆ ಯಾಕೆ ಸುಮ್ಮನಿದ್ದೆ?”

“ಮಗಳ ಮುಂದೆ ಅಮ್ಮನ್ನ ಹಿಡಿದುಕೊಡೋದಾ? ಅಷ್ಟು ಗಂಟಲು ನನಗಿಲ್ಲ.”

ಅವಳಿಗೆ ಅವನ ಮುಖ ನೋಡಲಾಗಲಿಲ್ಲ. ಮಗಳ ಮಾತನ್ನು ನೆಲ ನೋಡಿಕೊಂಡೇ ಹೇಳಿದಳು. ಅವನು ತಲೆ ಕೆರೆದುಕೊಂಡ. “ಕಲಿಸ್ತೀನಿ. ಆದ್ರೆ ನಾನು ಕಿರುಚ್ತೀನಿ ಅಕ್ಕ, ಆಮೇಲೆ ಬೇಜಾರು ಮಾಡ್ಕೋಬಾರದು.”

“ಮಾಡ್ಕೊಳ್ಳಲ್ಲ” ಎಂದಳು. ಬೇಜಾರಿನ ಮಾತಾಡುವ ಬಾಯಿ ತನಗೆಲ್ಲಿದೆ ಎನಿಸಿತು.

ಆ ವಾರವೆಲ್ಲ ಅವನು ಕಿರುಚಿದ. ಮೈದಾನದ ಈ ತುದಿಗೂ ಕೇಳಿಸುತ್ತಿತ್ತು. “ಅದೇನು ಬ್ರೇಕಾ, ತೊಟ್ಟಿಲಾ, ಮೆಲ್ಲಗೆ ತೂಗ್ತಿದೀಯಲ್ಲ! ತುಳಿ! ನನ್ನ ಕಾಲು ನೋಡು, ಮಡಚಿ ಕೂತಿದೀನಿ, ನನ್ನ ನಂಬ್ಕೋಬೇಡ!” ಪ್ರತಿ ಕೂಗಿಗೂ ಅವಳು ಪಾಠ ನಿಲ್ಲಿಸಿ ಆ ಕಡೆ ತಿರುಗುತ್ತಿದ್ದಳು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಇನ್ನೊಂದು ಸದ್ದು. “ಮಾಮ, ಕಿವಿ ಹೋಯ್ತು, ಲ್ಯಾಬ್‌ನವರು ಕಿವುಡೀನ ಕೆಲಸಕ್ಕೆ ತಗೊಳ್ಳಲ್ಲ!” ಎಂದು ಮಗಳೂ ತಿರುಗಿ ಕೂಗುತ್ತಿದ್ದಳು, ಕೂಗಿ ಗಹಗಹಿಸಿ ನಗುತ್ತಿದ್ದಳು. ಅಮ್ಮನ ಗಾಡಿಯಲ್ಲಿ ಅವಳು ನಕ್ಕದ್ದೇ ಇಲ್ಲ. ಬೆಣ್ಣೆಯೋ ಅಲ್ಲವೋ ಎಂದು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

ಎರಡನೆಯ ಪರೀಕ್ಷೆಯ ಬೆಳಿಗ್ಗೆ ಮಗಳು, “ನೀನು ಬೇಲಿ ಹತ್ರ ಬರಬೇಡ” ಎಂದು ಹೇಳಿ ಹೋದಳು. ಅವಳು ಮೈದಾನದ ಕೊನೆಯಲ್ಲಿ ಹೊಸಬರೊಬ್ಬರಿಗೆ ಪಾಠ ಶುರುಮಾಡಿದಳು. ಬ್ಯಾಂಕಿನಲ್ಲಿದ್ದು ನಿವೃತ್ತರಾದ ಹೆಂಗಸು, ಸ್ಟೀರಿಂಗನ್ನು ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದುಕೊಂಡಿದ್ದರು.

“ನೀವು ಬೈಯೋದೇ ಇಲ್ವಂತೆ ಮೇಡಂ. ಅದಕ್ಕೇ ನಿಮ್ಮನ್ನ ಕೇಳ್ಕೊಂಡು ಬಂದೆ.”

ಅವಳ ದೃಷ್ಟಿ ಬಿಳಿ ಗೆರೆಯ ಕಡೆಗಿತ್ತು. ದೂರದಲ್ಲಿ ಇನ್‌ಸ್ಪೆಕ್ಟರ ಕೈ ಎದ್ದಿತು. ಗಾಡಿ ಗೆರೆಯ ಈಚೆಗೇ ನಿಂತಿತು. ಗಾಜಿನೊಳಗೆ ಇನ್‌ಸ್ಪೆಕ್ಟರ ತಲೆ ಮುಂದಕ್ಕೆ ಬಾಗಿತು. ಮಗಳ ತಲೆ ಅಲ್ಲಾಡಲಿಲ್ಲ.

ಮಗಳು ಇಳಿದು ಓಡಿದ್ದು ಮೊದಲು ಬೇಲಿಯ ಕಡೆಗೆ. “ಮಾಮ, ಪಾಸು!” ಎಂಬ ಕೂಗು ಮೈದಾನ ದಾಟಿ ಬಂತು. ಆಮೇಲೆ, ಅಷ್ಟು ಓಡದೆ, ಇತ್ತ ಬಂದಳು. ಕಿಟಕಿಗೆ ಬಗ್ಗಿ, “ಆಯ್ತಮ್ಮ. ಕೆಲಸ ಸಿಕ್ತು” ಎಂದಳು.

“ಹೂಂ, ನೋಡ್ದೆ.”

ಹೊಸ ಹೆಂಗಸಿನ ಮುಖ ಅರಳಿತು. “ನಿಮ್ಮ ಮಗಳಾ? ಮಗಳಿಗೂ ನೀವೇ ಕಲಿಸಿದ್ದಾ ಮೇಡಂ?”

ಮಗಳು ನೆಟ್ಟಗಾಗಲಿಲ್ಲ. ಕಿಟಕಿಯ ಮೇಲೆ ಕೈಯಿಟ್ಟುಕೊಂಡು ಹಾಗೇ ಬಗ್ಗಿ ನಿಂತಿದ್ದಳು. ಅಮ್ಮ ಏನು ಹೇಳುತ್ತಾಳೆಂದು ಕಾಯುತ್ತಿದ್ದಳು.

ಅವಳು, “ಇಲ್ಲ. ನನ್ನ ಕೈಲಿ ಆಗಲಿಲ್ಲ” ಎಂದು ಬೇಲಿಯ ಕಡೆ ಬೆರಳು ತೋರಿಸಿದಳು. “ಕಲಿಸಿದ್ದು ಅವರು.”

ಮಗಳು ಒಂದು ಗಳಿಗೆ ಅವಳನ್ನು ನೋಡಿ, ಕಿಟಕಿಯಿಂದ ಕೈ ತೆಗೆದು, ಗಾಡಿ ಹೋಗಲು ದಾರಿ ಬಿಟ್ಟು ಪಕ್ಕಕ್ಕೆ ನಿಂತಳು.