ಗೋಧಿ ಇಲ್ಲದ ಅಡುಗೆ

ಗೋಧಿ ಒಗ್ಗದ ಕಾಯಿಲೆಯಿದ್ದ ಸ್ಪಂದನಳ ರಕ್ತಪರೀಕ್ಷೆಯ ಅಂಕಿ ಎರಡನೇ ಸಲವೂ ಇಳಿದಿರಲಿಲ್ಲ. ಗೋಧಿಯ ಅಂಶ ಮಗುವಿನ ಹೊಟ್ಟೆಗೆ ಹೋಗುತ್ತಲೇ ಇದೆ, ಮನೆಯಲ್ಲಿ ಯಾರೂ ಗಮನ ಕೊಡುತ್ತಿಲ್ಲ ಎಂದು ಡಾಕ್ಟರು ತಾಯಿ ಭಾನುಪ್ರಿಯಾಳ ಮುಖ ನೋಡದೆಯೇ ಹೇಳಿದರು. ಹೀಗೇ ಆದರೆ ಹುಡುಗಿ ಬೆಳೆಯುವುದಿಲ್ಲ ಎಂದೂ ಸೇರಿಸಿದರು.

ಊರಿಗೆ ಮರಳಲು ದಬ್ಬೇಘಟ್ಟದ ಬಸ್ಸು ಹತ್ತಿ ಕೂತಾಗ ಭಾನುಪ್ರಿಯಾಳಿಗೆ ಅಳುವಿಗಿಂತ ಸಿಟ್ಟು ಬಂತು. ಇನ್ನೆಂಥ ಗಮನ ಕೊಡುವುದು? ಚಪಾತಿ, ಬಿಸ್ಕತ್ತು, ಉಪ್ಪಿಟ್ಟು ಎಲ್ಲ ನಿಂತು ಎಷ್ಟೋ ತಿಂಗಳಾಗಿತ್ತು. ಆಸ್ಪತ್ರೆಯವರ ಹಾಳೆಯಲ್ಲಿ ರೈ ಎಂಬ ಧಾನ್ಯ ಬೇಡ ಎಂದಿತ್ತು. ಅದನ್ನು ಅವಳು ತುರುವೇಕೆರೆ ಸಂತೆಯಲ್ಲಿ ಕಂಡವಳೇ ಅಲ್ಲ. ಬದಲಿಗೆ ಬಾದಾಮಿ ಹಿಟ್ಟು ಬಳಸಿ ಎಂದಿತ್ತು. ಬಾದಾಮಿಯಲ್ಲಿ ದಿನಾ ರೊಟ್ಟಿ ತಟ್ಟುವವರು ಯಾರು? ಮೊಬೈಲಿನಲ್ಲಿ ಅಡುಗೆ ಕಲಿಸುವ ಹೆಂಗಸೊಬ್ಬಳು ಮೈದಾ ಮಾತ್ರ ಕೆಟ್ಟದ್ದು, ರವೆ ತಿನ್ನಬಹುದು ಎಂದಳು. ರವೆ ಯಾವುದರಿಂದ ಬರುತ್ತದೆ ತಾಯಿ ಎಂದು ಭಾನುಪ್ರಿಯಾ ಬರೆದು ಕೇಳಿದಾಗ ಒಂದು ಹೃದಯದ ಚಿತ್ರ ಕಳಿಸಿದಳು. ವಾಟ್ಸಾಪ್ ಗುಂಪಿನಲ್ಲಿ ಇನ್ನೊಬ್ಬಳು, ಗೋಧಿಯನ್ನು ಮೊಳಕೆ ಬರಿಸಿದರೆ ದೋಷ ಹೋಗುತ್ತದೆ ಎಂದಳು. ಅದಕ್ಕೆ ಸಾಲುಸಾಲಾಗಿ ಜನ ಕೈ ಮುಗಿದಿದ್ದರು.

ಎಲ್ಲರೂ ಒಪ್ಪಿದ್ದು ರಾಗಿಯೊಂದನ್ನೇ. ಹಾಗಾಗಿ ಮಗಳಿಗೆ ಮೂರು ಹೊತ್ತೂ ರಾಗಿ.

ರಾಗಿ ಹಸನು ಮಾಡಿ ಮಿಲ್ಲಿಗೆ ಕಳಿಸುವುದು ಅತ್ತೆ ಕೆಂಚಮ್ಮನ ಕೆಲಸ. ಆ ವಾರ ಅವಳಿಗೆ ಮಂಡಿನೋವು ಬಂದಿದ್ದರಿಂದ, ಅವಳು ಕಟ್ಟಿಟ್ಟಿದ್ದ ಚೀಲವನ್ನು ಭಾನುಪ್ರಿಯಾಳೇ ಒಯ್ದಳು. ಮಿಲ್ಲಿನ ಏಕಾಂತಯ್ಯ ಚೀಲ ಬಗ್ಗಿಸಿದಾಗ ಕೆಂಪು ರಾಗಿಯ ನಡುವೆ ದಪ್ಪ ಕಾಳುಗಳು ಕಂಡವು. ತಡೆದು ಕೈ ಹಾಕಿದಳು. ಗೋಧಿ.

ಮುದ್ದೆ ಬಿರಿಯದೆ ಜಿಗುಟು ಬರಲಿ ಅಂತ ಎಲ್ಲರೂ ಹಾಕುತ್ತಾರಲ್ಲಮ್ಮ ಎಂದು ಏಕಾಂತಯ್ಯ ಹೇಳಿದ. ಹಾಗಾದರೆ ಆ ಯಂತ್ರದ ಹೊಟ್ಟೆಯಲ್ಲಿ ಊರವರೆಲ್ಲರ ಗೋಧಿಯೂ ಇತ್ತು. ಅವಳು ಚೀಲ ಹೊತ್ತು ವಾಪಸು ಬಂದಳು.

"ಒಂದು ಹಿಡಿ ಕಣೇ," ಎಂದಳು ಕೆಂಚಮ್ಮ. "ಮಗು ಮೊದ್ಲೇ ಸೊರಗೈತೆ. ಮುದ್ದೆ ನುಣ್ಣಗಿದ್ರೆ ಇನ್ನೊಂದು ತುತ್ತು ತಿಂತದೆ ಅಂತ ಹಾಕ್ದೆ."

"ಗೋಧಿ ಬೇಡ ಅಂತ ಬಡ್ಕೊಂಡಿದ್ನಲ್ಲ ಅತ್ತೆ."

"ಚಪಾತಿ ಬ್ಯಾಡ ಅಂದೆ, ಬಿಸ್ಕತ್ತು ಬ್ಯಾಡ ಅಂದೆ. ರಾಗಿಗೆ ಬೆರೆಸಬ್ಯಾಡ ಅಂತ ಯಾರಂದ್ರು?"

ಯಾರೂ ಅಂದಿರಲಿಲ್ಲ. ಹಾಳೆಯೂ ಅಂದಿರಲಿಲ್ಲ, ಮೊಬೈಲೂ ಅಂದಿರಲಿಲ್ಲ. ಆದರೂ ಭಾನುಪ್ರಿಯಾ ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟಳು. ಕೆಂಚಮ್ಮ ಗೋಡೆ ಹಿಡಿದು ಒಳಗೆ ಹೋದಳು.

ಭಾನುಪ್ರಿಯಾ ಅಕ್ಕಪಕ್ಕದವರಲ್ಲಿ ಬೇರೇನೂ ಬೆರೆಸದ ರಾಗಿ ಬೇಡಿ ತಂದು, ಮಿಕ್ಸಿ ಜಾರನ್ನು ತಿಕ್ಕಿ ಒಣಗಿಸಿ, ಸ್ವಲ್ಪಸ್ವಲ್ಪವೇ ಬೀಸತೊಡಗಿದಳು. ಜಾರು ಕಾಯುತ್ತಿತ್ತು, ಹಿಟ್ಟು ತರಿಯಾಗಿಯೇ ಉಳಿಯುತ್ತಿತ್ತು. ಆಗ ಕೆಂಚಮ್ಮ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮಡಿಲಲ್ಲಿ ಹೊತ್ತು ಬಂದು ಎದುರಿಗೆ ಕೂತಳು.

"ಇವನ್ನೂ ಓದು. ಆಮೇಲೆ ನನ್ನ ಮೇಲೆ ಹಾಕ್ಬ್ಯಾಡ."

ಇಂಗಿನ ಡಬ್ಬಿಯ ಮೇಲಿನ ಅಕ್ಷರಗಳು ಇರುವೆಗಿಂತ ಸಣ್ಣವು. ಭಾನುಪ್ರಿಯಾ ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದಳು.

"ಏನಂತೆ?"

"ಗೋಧಿ ಹಿಟ್ಟು."

"ಇಂಗಿಗೂನಾ?" ಕೆಂಚಮ್ಮ ಡಬ್ಬಿ ಕಿತ್ತುಕೊಂಡು ಮೂಸಿದಳು. "ಹಂಗಾರೆ ಈ ಡಬ್ಬಿಯವ್ನಿಗೂ ಫೋನ್ ಮಾಡಿ ಬಯ್ಯಿ. ನನ್ನೊಬ್ಬಳಿಗೇ ಯಾಕೆ?"

ಭಾನುಪ್ರಿಯಾ ನಗಲಿಲ್ಲ. ಒಲೆಯ ಮೇಲೆ ಇಂಗಿನ ಒಗ್ಗರಣೆ ಹಾಕಿದ ಸಾರು ಘಮಘಮ ಎನ್ನುತ್ತಿತ್ತು. ಪಾತ್ರೆ ಎತ್ತಿ ಬಚ್ಚಲಿಗೆ ಸುರಿದಳು. ಸ್ಪಂದನ ಶಾಲೆಯಿಂದ ಬರುವುದರೊಳಗೆ ಇನ್ನೊಂದು ಸಾರು ಆಗಬೇಕಿತ್ತು. ಕೆಂಚಮ್ಮ ಆಗಲೇ ನೋಯುವ ಕಾಲು ಚಾಚಿಕೊಂಡು ಕಾಯಿ ತುರಿಯಲು ಕೂತಿದ್ದಳು.